ಕ್ಯಾಟಲಾಗು ‘ಇಲ್ಲ’ ಎಂದರೆ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಲೈಬ್ರರಿಯ ಕಂಪ್ಯೂಟರಿನಲ್ಲಿ ಹುಡುಕಿ, ಸಿಗಲಿಲ್ಲವೆಂದು ಹಿಂದಿರುಗಿದವರು ನಿಮ್ಮಲ್ಲಿ ಎಷ್ಟು ಮಂದಿ? ಎಷ್ಟೋ ಸಲ ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಹೊಂದಿಕೆಯಾಗದೆ ಹೋದದ್ದು ಸ್ಪೆಲಿಂಗು ಮಾತ್ರ.

ಕಾರಂತರ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಾವು ‘ಟಿ’ ಪಕ್ಕದಲ್ಲಿ ‘ಎಚ್’ ಸೇರಿಸುತ್ತೇವೆ. ಇದು ದಕ್ಷಿಣದವರ ರೂಢಿ. ಮರಾಠಿ ನೆರೆಯವರು ಅದನ್ನು ‘ಥ’ ಎಂದೇ ಓದಿಯಾರು! ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಬಳಸುವ ಲಿಪ್ಯಂತರ ಪದ್ಧತಿಯಲ್ಲಿ ಆ ‘ಎಚ್’ ಇಲ್ಲ, ಕೊನೆಗೊಂದು ‘ಎ’ ಇದೆ; ‘ಶಿ’ ಬರೆಯಲು ‘ಎಸ್’ ತಲೆಯ ಮೇಲೊಂದು ಗೀಟು. ನಮಗೆ ಒಬ್ಬರೇ ಕಾರಂತರು, ಯಂತ್ರಕ್ಕೆ ಇಬ್ಬರು. ಕುವೆಂಪು ಸಿಗದಿದ್ದರೆ ‘ಪುಟ್ಟಪ್ಪ’ ಎಂದು, ಮಾಸ್ತಿ ಸಿಗದಿದ್ದರೆ ‘ಶ್ರೀನಿವಾಸ’ ಎಂದು ಹುಡುಕಿ. ಒಳ್ಳೆಯ ಲೈಬ್ರರಿಗಳು ಇಂಥ ಹೆಸರುಗಳನ್ನೆಲ್ಲ ಒಂದೇ ಕಡೆ ಜೋಡಿಸಿಟ್ಟಿರುತ್ತವೆ. ಎಲ್ಲ ಲೈಬ್ರರಿಗಳೂ ಒಳ್ಳೆಯವಲ್ಲ.

ಐಎಸ್‌ಬಿಎನ್ ಇದೆಯಲ್ಲ ಎನ್ನುತ್ತೀರಾ? ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಆಗ ಆ ಸಂಖ್ಯೆಯೇ ಹುಟ್ಟಿರಲಿಲ್ಲ. ಹತ್ತು ಅಂಕಿಯದು 2007ರಿಂದ ಹದಿಮೂರಾಯಿತು: ಮುಂದೆ 978 ಸೇರಿತು, ಕೊನೆಯ ಅಂಕಿಯನ್ನು ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಮೇಲಾಗಿ ಅದು ಗುರುತಿಸುವುದು ಒಂದು ಮುದ್ರಿತ ಆವೃತ್ತಿಯನ್ನು, ಕೃತಿಯನ್ನಲ್ಲ. ಇದೇ ಕಾದಂಬರಿ ಇಂಗ್ಲಿಷಿಗೆ ‘ಚೋಮಾಸ್ ಡ್ರಮ್’ ಎಂದು ಹೋಗಿದೆ. ಕನ್ನಡ ಲಿಪಿ ಓದಲು ತೊಡಕೆನಿಸುವವರು ಆ ಹೆಸರಿನಲ್ಲೂ ನೋಡಬೇಕು.

ಲೇಖಕರ ಹೆಸರು ಕೈಕೊಟ್ಟರೆ ‘ದುಡಿ’ ಎಂಬ ಒಂದೇ ಪದ ಹಾಕಿ ನೋಡಿ. ಅದೂ ಆಗದಿದ್ದರೆ ಲೈಬ್ರರಿಯನ್ನರನ್ನೇ ಕೇಳಿ. ಯಾರೂ ಕೇಳದ ಪುಸ್ತಕ ಕಪಾಟಿನಿಂದ ಗೋದಾಮಿಗೆ ಹೋಗಲು ಬಹಳ ಕಾಲ ಬೇಕಿಲ್ಲ.