ಹದಿನೈದೋ, ಹದಿನಾರೋ?

ಬಿ.ಎಸ್ಸಿ. ಪಾಸಾದ ಹುಡುಗ ಅಮೆರಿಕೆಯಲ್ಲಿ ಎಂ.ಎಸ್. ಓದಲು ಅರ್ಜಿ ಹಾಕ್ತಾನೆ. ಟೋಫೆಲ್ ಆಯ್ತು, ಜಿ.ಆರ್.ಇ. ಆಯ್ತು, ಮೂವರು ಮೇಷ್ಟ್ರ ಶಿಫಾರಸು ಪತ್ರವೂ ಆಯ್ತು. ಕೊನೆಗೆ ಎದುರಾಗುವ ಪ್ರಶ್ನೆ: ಓದಿದ್ದು ಒಟ್ಟು ಎಷ್ಟು ವರ್ಷ?

ಪಿ.ಯು.ಸಿ.ವರೆಗೆ 12, ಪದವಿ 3, ಕೂಡಿದರೆ 15. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಕೇಳೋದು 16. ನಾಲ್ಕು ವರ್ಷದ ಬಿ.ಇ. ಓದಿದವರಿಗೆ ಈ ತಕರಾರಿಲ್ಲ. ಬಿ.ಎಸ್ಸಿ., ಬಿ.ಕಾಂ. ಆದವರು ಮಾತ್ರ ಇಲ್ಲೇ ಇನ್ನೆರಡು ವರ್ಷ ಸ್ನಾತಕೋತ್ತರ ಓದಿ ಮತ್ತೆ ಬಾಗಿಲು ತಟ್ಟಬೇಕು. ಟೋಫೆಲ್ ಅಂಕಕ್ಕೆ ಆಯುಸ್ಸು ಎರಡೇ ವರ್ಷ. ಆ ದುಡ್ಡೂ ಹೋಯ್ತು!

ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು. 2024ರಲ್ಲಿ ಸರಕಾರ ಮತ್ತೆ ಮೂರಕ್ಕೆ ಇಳಿಸಿತು. ಬಡವರ ಮಕ್ಕಳಿಗೆ ಒಂದು ವರ್ಷದ ಖರ್ಚು ಉಳಿಯಿತೆಂಬುದು ನಿಜವೇ. ಆದರೆ ದುಡ್ಡಿದ್ದವರು ನಾಲ್ಕು ವರ್ಷದ ಖಾಸಗಿ ಕೋರ್ಸು ಹುಡುಕಿಕೊಳ್ತಾರೆ. ಸರಕಾರಿ ಕಾಲೇಜಿನ ಹುಡುಗಿ ಎಲ್ಲಿಗೆ ಹೋಗಬೇಕು ಸ್ವಾಮಿ?

ಎಲ್ಲರನ್ನೂ ನಾಲ್ಕು ವರ್ಷ ಕೂರಿಸಬೇಕಿಲ್ಲ. ಬೇಕೆಂದವರಿಗೆ ಜಿಲ್ಲೆಗೊಂದು ಸರಕಾರಿ ಕಾಲೇಜಿನಲ್ಲಾದರೂ ನಾಲ್ಕನೇ ವರ್ಷ ಇರಲಿ. ಅದೂ ಆಗದಿದ್ದರೆ, ಕಾಲೇಜಿಗೆ ಸೇರುವ ದಿನವೇ ಈ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚಲಿ. ಅದಕ್ಕೇನೂ ಬಜೆಟ್ ಬೇಕಿಲ್ಲವಲ್ಲ!