ಕೀಲಿಕೈ ಯಾರ ಸೆರಗಿನಲ್ಲಿದೆ?

ತಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ಡಿಗೆ ಕ್ಯಾಮೆರಾ, ಬಬಲೇಶ್ವರದಲ್ಲಿ ಕಿರಾಣಿ ಅಂಗಡಿಗೆ ಕ್ಯಾಮೆರಾ. ನಮ್ಮ ವಿಜಯಪುರ ನಗರದಲ್ಲಂತೂ ತಲೆಬಾಗಿಲಿಗೊಂದು, ಹಿತ್ತಲಿಗೊಂದು, ಹಾಸಿಗೆ ಹಿಡಿದ ಅತ್ತೆಯ ಕೋಣೆಗೂ ಒಂದು. ಕಳ್ಳರ ಭಯಕ್ಕೆ ಹಾಕಿಸಿದ ಕಣ್ಣು, ತಪ್ಪೆನ್ನಲಾರೆ. ಆದರೆ ಹೋದ ಮನೆಯಲ್ಲೆಲ್ಲ ನಾನೊಂದು ಪ್ರಶ್ನೆ ಕೇಳುತ್ತೇನೆ: "ಇದರ ಪಾಸ್‌ವರ್ಡ್ ಯಾರ ಕಡೆ ಐತ್ರಿ?" ಉತ್ತರವೂ ಎಲ್ಲೆಡೆ ಒಂದೇ: "ನಮಗೇನ ತಿಳೀತೈತ್ರಿ ಅಕ್ಕಾರ, ಕೂಡಿಸಿ ಹೋದ ಹುಡುಗಗ ಗೊತ್ತು."

ಈ ಉತ್ತರದ ಮೇಲೆಯೇ ನನ್ನ ಸಿಟ್ಟು. ತಿಜೋರಿಯ ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುವ, ಜೋಳದ ಡಬ್ಬಿಯಲ್ಲಿಟ್ಟ ದುಡ್ಡಿನ ಲೆಕ್ಕ ಗಂಡನಿಗೂ ಬಿಟ್ಟುಕೊಡದ ನಾವು, ಇಡೀ ಮನೆಯನ್ನು ನೋಡುವ ಕಣ್ಣಿನ ಕೀಲಿಕೈಯನ್ನು ಹೆಸರೂ ನೆನಪಿಲ್ಲದ ಹುಡುಗನ ಜೇಬಿಗೆ ಹಾಕಿ ಕಳಿಸುತ್ತೇವಲ್ಲ!

ತಿಳಿಯದಷ್ಟು ಕಠಿಣವಾದದ್ದು ಅದರಲ್ಲಿ ಏನೂ ಇಲ್ಲ. ಚಿತ್ರ ಕೂಡಿಡುವ ಡಿವಿಆರ್ ಪೆಟ್ಟಿಗೆಗೂ ಇಂಟರ್‌ನೆಟ್ ಹಂಚುವ ರೂಟರಿಗೂ ಒಳಗೊಂದು ಸೆಟ್ಟಿಂಗ್ ಪುಟವಿರುತ್ತದೆ. ಅದನ್ನು ತೆರೆಯಲು ಹೆಸರು, ಪಾಸ್‌ವರ್ಡ್ ಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಅನೇಕವು ಕಾರ್ಖಾನೆಯಿಂದ ಬರುವಾಗ ಎರಡೂ 'ಅಡ್ಮಿನ್' ಎಂದೇ ಇರುತ್ತಿದ್ದವು. ಸಾವಿರಾರು ಮನೆಗೆ ಒಂದೇ ಕೀಲಿಕೈ! ಇದರ ಜೊತೆಗೆ ದೂರದಿಂದಲೇ ಒಳಹೊಗುವ ಸೌಕರ್ಯ. ಮತ್ತೆ ಮತ್ತೆ ಬರುವ ತಾಪತ್ರಯ ಬೇಡವೆಂದು ಹುಡುಗ ಅದನ್ನು ತೆರೆದಿಟ್ಟೇ ಹೋಗಿರುತ್ತಾನೆ. ಅದರಲ್ಲೂ ಟೆಲ್‌ನೆಟ್ ಎಂಬ ಹಳೆಯ ದಾರಿಯಲ್ಲಿ ಪಾಸ್‌ವರ್ಡ್ ಪೋಸ್ಟ್‌ಕಾರ್ಡಿನ ಬರಹದಂತೆ ಬಯಲಾಗಿಯೇ ಸಾಗುತ್ತದೆ. ಎಸ್‌ಎಸ್‌ಎಚ್ ಎಂಬುದು ಅಂಟಿಸಿದ ಲಕೋಟೆ.

2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು ಇಂಥ ಸುಮಾರು 60 ಸಿದ್ಧ ಹೆಸರು–ಪಾಸ್‌ವರ್ಡ್ ಜೋಡಿ ಹಿಡಿದು ಜಗತ್ತಿನ ಟೆಲ್‌ನೆಟ್ ಬಾಗಿಲುಗಳನ್ನೆಲ್ಲ ತಟ್ಟಿತು. ಲಕ್ಷಾಂತರ ಕ್ಯಾಮೆರಾ, ರೂಟರುಗಳು ಅದರ ವಶವಾದವು. ಅಕ್ಟೋಬರ್ 21ರಂದು ಅವುಗಳನ್ನೇ ಛೂ ಬಿಟ್ಟಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೂ ತಾಸುಗಟ್ಟಲೆ ತತ್ತರಿಸಿದವು.

ಅಮೆರಿಕದ ಗೊಡವೆ ನಮಗೇಕೆ ಎನ್ನುವಿರಾ? 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರಲ್ಲಿ ತಪಾಸಣೆಗೆ ಮಲಗಿದ್ದ ಹೆಣ್ಣುಮಕ್ಕಳ ದೃಶ್ಯಗಳು ಅಲ್ಲಿನ ಕ್ಯಾಮೆರಾದಿಂದಲೇ ಕದ್ದು ಟೆಲಿಗ್ರಾಮಿನಲ್ಲಿ ಮಾರಾಟವಾದದ್ದು ಬಯಲಾಯಿತು. ಅಲ್ಲಿದ್ದ ಪಾಸ್‌ವರ್ಡ್ 'ಅಡ್ಮಿನ್123' ಎಂದು ಆಮೇಲೆ ಪತ್ರಿಕೆಗಳು ಬರೆದವು. "ನಮ್ಮಲ್ಲಿ ಮುಚ್ಚಿಡೂದು ಏನೈತಿ" ಎನ್ನುವವರು ಒಂದು ಗಳಿಗೆ ಆ ಬಸುರಿಯರ ಜಾಗದಲ್ಲಿ ನಿಂತು ಮಾತಾಡಲಿ.

"ಇದು ಗಂಡಸರ ಕೆಲಸ" ಎಂಬುದು ಇನ್ನೊಂದು ನೆಪ. ಮಾನ ಹೋಗುವುದು ನಮ್ಮದು, ಕೀಲಿಕೈ ಮಾತ್ರ ಅವರದೇ? ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದು ಕಾಯದೆಗೆ ವಿರುದ್ಧ. ಒಳ್ಳೆಯದೇ. ಆದರೆ ನಮ್ಮ ಗೋಡೆಗೆ ಆಗಲೇ ಮೊಳೆ ಹೊಡೆದು ಕೂಡಿಸಿದ ಕ್ಯಾಮೆರಾವನ್ನು ಯಾವ ಕಾಯದೆಯೂ ಬಂದು ತಿದ್ದುವುದಿಲ್ಲ.

ಆದ್ದರಿಂದ ಅಕ್ಕತಂಗಿಯರೇ, ಆ ಹುಡುಗನನ್ನು ಮತ್ತೆ ಕರೆಸಿ. ಚಹಾ ಕೊಡಿ, ಎದುರಿಗೇ ಕುಳಿತು ಕೆಲಸ ಮಾಡಿಸಿ. ಪಾಸ್‌ವರ್ಡನ್ನು ನೀವೇ ಒತ್ತಿ ಬದಲಿಸಿ. ಅವನು ಆ ಕಡೆ ಮುಖ ತಿರುಗಿಸಲಿ. ಅವನ ಹೆಸರಿನ ಖಾತೆಯಿದ್ದರೆ ಅಳಿಸಿ. ಟೆಲ್‌ನೆಟ್ ಮುಚ್ಚಿಸಿ, ದೂರದಿಂದ ತೆರೆಯುವುದು ಬೇಡವಾದರೆ ಅದನ್ನೂ ಮುಚ್ಚಿಸಿ. ಯಾರೂ ಮುಟ್ಟದೆ ಐದು ನಿಮಿಷ ಕಳೆದರೆ ಸೆಟ್ಟಿಂಗ್ ಪುಟ ತಾನೇ ಮುಚ್ಚಿಕೊಳ್ಳುವಂತೆ ಸಮಯ ಇಡಿಸಿ. ಮಲಗುವ ಕೋಣೆಯ ಕ್ಯಾಮೆರಾ ಕಿತ್ತುಹಾಕಿಸಿ. ಹೊಸ ಪಾಸ್‌ವರ್ಡನ್ನು ರೇಷನ್ ಕಾರ್ಡಿನ ಜೊತೆ ಭದ್ರವಾಗಿಡಿ, ಪೆಟ್ಟಿಗೆಯ ಮೇಲೆ ಬರೆದು ಅಂಟಿಸಬೇಡಿ.

1686ರಲ್ಲಿ ಔರಂಗಜೇಬನ ವಶವಾದ ಕೋಟೆಯ ಊರಿನವರು ನಾವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಫಲವೆಂದು ನಮಗೆ ಬೇರೆಯವರು ಹೇಳಿಕೊಡಬೇಕೆ?