ಗಾಜಿನ ಹಿಂದಿನ ಬಂಗಾರ

ಅಕ್ಕಲಕೋಟೆ ಸೀಮೆಯ ಕಕ್ಷಿಗಾರರೊಬ್ಬರು ಈಚೆಗೆ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದರು. ತಮ್ಮ ಸರಾಫಿ ಅಂಗಡಿಯ ನಾಮಫಲಕದಲ್ಲಿ ಕನ್ನಡವನ್ನು ಉಳಿಸಿಕೊಳ್ಳಲು ಕಾನೂನಿನ ಅಡ್ಡಿಯುಂಟೆ? ಇಲ್ಲವಾದರೆ, ಎರಡು ಬೇಸಗೆಗೆ ಬಣ್ಣಗೆಡುವ ಫ್ಲೆಕ್ಸನ್ನು ಬಿಟ್ಟು ಗಾಜಿನ ಮೇಲೆ ಬಂಗಾರದ ರೇಕಿನಲ್ಲಿ ಬರೆಯಿಸಬಹುದೆ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಫಲಕದಲ್ಲಿ ದೇವನಾಗರಿ ಲಿಪಿಯ ಮರಾಠಿ ಇರಲೇಬೇಕು. ಅದರ ಅಕ್ಷರಗಳು ಬೇರೆ ಭಾಷೆಯವುಗಳಿಗಿಂತ ಚಿಕ್ಕವಾಗಿರಕೂಡದು. ಬೇರೆ ಭಾಷೆಯನ್ನು ಜೊತೆಗೆ ಬರೆಯಬಾರದೆಂದು ಅದು ಹೇಳುವುದಿಲ್ಲ. ಸಂವಿಧಾನದ 29ನೆಯ ಅನುಚ್ಛೇದವು ಕಾಪಾಡಿಕೊಳ್ಳಬಹುದಾದವುಗಳನ್ನು ಹೆಸರಿಸುವಾಗ ಭಾಷೆ, ಸಂಸ್ಕೃತಿಗಳ ನಡುವೆ ‘ಲಿಪಿ’ಯನ್ನು ಪ್ರತ್ಯೇಕವಾಗಿಯೇ ಎಣಿಸಿದೆ. ಹೀಗಿದ್ದೂ ‘ಏಕೆ ಬೇಕು ತಕರಾರು’ ಎಂದು ನಮ್ಮವರೇ ಕನ್ನಡದ ಸಾಲನ್ನು ಅಳಿಸಿಹಾಕುತ್ತಿರುವುದನ್ನು ಕಾಣುತ್ತೇನೆ. ಆ ಅಳಿಸುವಿಕೆಗೆ ಯಾವ ಕಾಯಿದೆಯೂ ಹೊಣೆಯಲ್ಲ.

ಎರಡನೆಯ ಪ್ರಶ್ನೆಯೇ ಹೆಚ್ಚು ರುಚಿಕರವಾದುದು. ಗಾಜಿನ ಬೆನ್ನಿಗೆ ಬಂಗಾರ ಹಚ್ಚುವ ವಿದ್ಯೆ ಹಳೆಯದು. ಇಟಲಿಯ ಚೆನ್ನೀನೊ ಚೆನ್ನೀನಿ ಸುಮಾರು 1400ರಲ್ಲಿ ಬರೆದ ಕೈಪಿಡಿಯಲ್ಲಿಯೇ ಅದರ ವಿಧಾನವಿದೆ. ಹದಿನೆಂಟನೆಯ ಶತಮಾನದ ಪ್ಯಾರಿಸಿನಲ್ಲಿ ಚಿತ್ರಗಳಿಗೆ ಚೌಕಟ್ಟು ಕಟ್ಟುತ್ತಿದ್ದ ಗ್ಲೋಮಿ ಎಂಬವನ ಹೆಸರಿನಿಂದ ಫ್ರೆಂಚರು ಅದನ್ನು ‘ಎಗ್ಲೋಮಿಸೆ’ ಎಂದು ಕರೆದರು. ಲಂಡನ್ನಿನ ಪಾನಗೃಹಗಳ ಕನ್ನಡಿಗಳೂ ಅಮೆರಿಕದ ವಕೀಲರ ಕಚೇರಿಗಳ ಬಾಗಿಲುಗಾಜುಗಳೂ ಹೊಳೆದದ್ದು ಇದರಿಂದಲೇ. ನಮ್ಮ ವೃತ್ತಿಬಾಂಧವರ ಈ ಶೋಕಿಯನ್ನು ನಾನು ಮೆಚ್ಚುತ್ತೇನೆ.

ಇದರಲ್ಲಿ ಬಂಗಾರಕ್ಕಿಂತ ಹೆಚ್ಚಿನ ಶ್ರಮವನ್ನು ಬೇಡುವುದು ಗಾಜು. ರೇಕಿನ ದಪ್ಪ ಒಂದು ಮಿಲಿಮೀಟರಿನ ಹತ್ತುಸಾವಿರದ ಒಂದು ಭಾಗದಷ್ಟು. ಅದರಡಿಯಲ್ಲಿ ಬೆರಳಿನ ಜಿಡ್ಡಿದ್ದರೂ ಎದುರಿನಿಂದ ಕಲೆಯಾಗಿ ಕಾಣುತ್ತದೆ. ಮೊದಲು ಸಾಬೂನಿನ ನೀರಿನಿಂದ ತೊಳೆದು, ಅಂಟಿಕೊಂಡ ಬಣ್ಣ, ಗೋಂದುಗಳನ್ನು ಬ್ಲೇಡಿನಿಂದ ಕೆರೆಯಬೇಕು. ಆಮೇಲೆ ನುಣ್ಣನೆಯ ಸುಣ್ಣಕಲ್ಲಿನ ಬಿಳಿಪುಡಿಯನ್ನು ನೀರಿನಲ್ಲಿ ಕಲಸಿ, ಇಡೀ ಗಾಜಿಗೆ ತಿಕ್ಕಿ, ಒಣಗಿದ ಬಳಿಕ ಎಳೆಬಿಡದ ಹತ್ತಿಬಟ್ಟೆಯಿಂದ ಒರೆಸಬೇಕು. ಪುಡಿಯು ಜಿಡ್ಡನ್ನು ಹೀರಿಕೊಂಡು ಬರುತ್ತದೆ. ಅಂಚುಗಳನ್ನೂ ಮೂಲೆಗಳನ್ನೂ ಮರೆಯಬಾರದು; ಅಲ್ಲಿನ ಜಿಡ್ಡು ನೀರಿನೊಡನೆ ನಡುವಿಗೆ ಹರಿಯುತ್ತದೆ. ಪೇಟೆಯಲ್ಲಿ ಸಿಗುವ ಸುಗಂಧಿತ ಗಾಜು ಒರೆಸುವ ದ್ರವಗಳು ಈ ಕೆಲಸಕ್ಕೆ ಬೇಡ. ಅವುಗಳಲ್ಲಿ ಹಲವು ತಮ್ಮದೇ ಒಂದು ಪೊರೆಯನ್ನು ಬಿಟ್ಟುಹೋಗುತ್ತವೆ.

ಪರೀಕ್ಷೆ ಸುಲಭ. ಗಾಜಿನ ಮೇಲೆ ಶುದ್ಧ ನೀರನ್ನು ಹರಿಸಿರಿ. ಒಡೆಯದ ಪೊರೆಯಾಗಿ ಹಬ್ಬಿದರೆ ಗಾಜು ಸಿದ್ಧ. ಎಲ್ಲಿಯಾದರೂ ಹಿಂಜರಿದು ಹನಿಗಟ್ಟಿದರೆ ಅಲ್ಲಿ ಜಿಡ್ಡಿದೆ. ಉಸಿರು ಊದಿ ನೋಡಿದರೂ ಬೆರಳಚ್ಚು ಮೂಡುತ್ತದೆ. ಪರಿಹಾರ ಬೇಡುವವನು ಶುದ್ಧಹಸ್ತನಾಗಿ ಬರಬೇಕೆಂಬ ನ್ಯಾಯಸೂತ್ರಕ್ಕೆ ಇಷ್ಟು ನಿಷ್ಠುರವಾದ ತನಿಖೆಯನ್ನು ಯಾವ ನ್ಯಾಯಾಲಯವೂ ನಡೆಸಿದಂತಿಲ್ಲ.

ಅನಂತರ ಅಂಟು. ಅರ್ಧ ಲೀಟರಿನಷ್ಟು ಬಟ್ಟಿಯಿಳಿಸಿದ ನೀರಿಗೆ ಔಷಧದ ಒಂದೆರಡು ಖಾಲಿ ಜೆಲಟಿನ್ ಕ್ಯಾಪ್ಸೂಲುಗಳು ಸಾಕು. ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ಉಳಿದುದಕ್ಕೆ ಬೆರೆಸಿ, ಸೋಸಬೇಕು. ಕುದಿಸಿದರೆ ಅಂಟಿನ ಶಕ್ತಿ ಕುಂದುತ್ತದೆ. ಹೆಚ್ಚು ಹಾಕಿದರೆ ಬಂಗಾರಕ್ಕೆ ಮಬ್ಬು ಕವಿಯುತ್ತದೆ. ಜೆಲಟಿನ್ ಪ್ರಾಣಿಜನ್ಯವಾದುದು. ಮಡಿವಂತರ ಮನೆಯ ಅಂಗಡಿಗೆ ಇದು ಸಲ್ಲುವುದೆ ಎಂದು ಕಕ್ಷಿಗಾರರು ಕೇಳಿದರು. ಅದು ನನ್ನ ಅಧಿಕಾರವ್ಯಾಪ್ತಿಗೆ ಹೊರತೆಂದೆ.

ಈ ದ್ರವವನ್ನು ಗಾಜಿನ ಮೇಲೆ ಧಾರಾಳವಾಗಿ ಹರಿಸಿ, ತೆಳುವಾದ ಚಪ್ಪಟೆ ಕುಂಚದಿಂದ ರೇಕನ್ನು ಹತ್ತಿರ ಹಿಡಿದರೆ ಅದು ತಾನೇ ಜಿಗಿದು ಕೂಡುತ್ತದೆ. ಕುಂಚವನ್ನು ಮೊದಲು ಕೆನ್ನೆಗೆ ಸವರಿಕೊಳ್ಳುವುದು ವಾಡಿಕೆ. ಗಾಜಿಗೆ ಶತ್ರುವಾದ ಚರ್ಮದ ಜಿಡ್ಡು ರೇಕನ್ನು ಎತ್ತಲು ಮಿತ್ರ. ಒಣಗುತ್ತಿದ್ದಂತೆ ಮಂಕಾದ ಹಳದಿಯು ಕನ್ನಡಿಯಾಗುತ್ತದೆ. ಬಿರುಕುಗಳನ್ನು ಮುಚ್ಚಲು ಎರಡನೆಯ ಪದರ ಬೇಕು. ಬಳಿಕ ಹತ್ತಿಯಿಂದ ಮೆಲ್ಲನೆ ಉಜ್ಜಿ, ಬಂಗಾರದ ಬೆನ್ನಿನ ಮೇಲೆ ಅಕ್ಷರಗಳನ್ನು ಬಣ್ಣದಲ್ಲಿ ತಿರುಗುಮುರುಗಾಗಿ ಬರೆದು, ಅದು ಒಣಗಿದ ಮೇಲೆ ಹೊರಗುಳಿದ ಬಂಗಾರವನ್ನು ಒದ್ದೆ ಹತ್ತಿಯಿಂದ ಒರೆಸಿ ತೆಗೆಯುತ್ತಾರೆ. ಅಂಟು ನೀರಿಗೆ ಕರಗುವಂಥದು. ಆದ್ದರಿಂದ ಇಂಥ ಹಳೆಯ ಫಲಕ ಯಾರ ಮನೆಯಲ್ಲಿದ್ದರೂ ಅದರ ಬೆನ್ನನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ.

ತಿರುಗುಮುರುಗು ಎಂಬಲ್ಲಿಯೇ ಕನ್ನಡಕ್ಕೆ ಅಪಾಯವಿರುವುದು. ‘ಸುವರ್ಣ’ ಎಂಬ ಪದವನ್ನು ತೆಗೆದುಕೊಳ್ಳಿ. ಮರಾಠಿಯಲ್ಲಿ ರೇಫವು ‘ಣ’ದ ತಲೆಯ ಮೇಲೆ ಕೂರುತ್ತದೆ; ನಮ್ಮಲ್ಲಿ ಅರ್ಕಾವೊತ್ತಾಗಿ ಬಲಕ್ಕೆ ಬರುತ್ತದೆ, ಗಾಜಿನ ಹಿಂದೆ ಎಡತುದಿಗೆ ಹೋಗುತ್ತದೆ. ಕನ್ನಡ ಬಾರದ ಕುಶಲಕರ್ಮಿಯು ಅದನ್ನು ಅಲಂಕಾರದ ಕೊಂಡಿಯೆಂದು ಬಗೆದು ಬಿಟ್ಟುಬಿಟ್ಟರೆ ಅವನದು ತಪ್ಪೆನ್ನಲಾಗದು. ಆದುದರಿಂದ ಕಕ್ಷಿಗಾರರಿಗೆ ಹೇಳಿದ್ದಿಷ್ಟು: ಅಕ್ಷರಗಳನ್ನು ಕನ್ನಡ ಬಲ್ಲವರಿಂದ ತೆಳುಗಾಗದದ ಮೇಲೆ ನೇರವಾಗಿ ಬರೆಯಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿಸಿ, ಕಾಗದವನ್ನು ಮಗುಚಿ ಪುಡಿ ತಟ್ಟಿಸಿರಿ. ಹಿಂಬದಿಯ ಬಣ್ಣ ಹಸಿಯಿರುವಾಗಲೇ ಅದರ ಮುಂದೆ ಕನ್ನಡಿ ಹಿಡಿದು, ಒತ್ತುಗಳನ್ನು ಒಂದೊಂದಾಗಿ ಬೆರಳು ತಾಗಿಸದೆ ಎಣಿಸಿರಿ. ಹೊರಗಿನ ಬಂಗಾರವನ್ನು ಒರೆಸಲು ಅಪ್ಪಣೆ ಕೊಡುವುದು ಆಮೇಲೆ.